ಹಿಟ್ಟು ಉಬ್ಬದ ದಿನದ ಲೆಕ್ಕ

ಆರಿದ್ರಾ ಮಳೆ ಹಿಡಿಯಿತೆಂದರೆ ಭಟ್ಕಳದಿಂದ ಕುಮಟೆಯವರೆಗಿನ ಅಡುಗೆಮನೆಗಳಲ್ಲಿ ಕೇಳಿಬರುವ ದೂರು ಒಂದೇ: ‘ಹಿಟ್ಟು ಉಬ್ಬಲೇ ಇಲ್ಲ.’ ಬೇಸಿಗೆಯಲ್ಲಿ ಮುಚ್ಚಳ ಎತ್ತಿ ಹೊರಚೆಲ್ಲುವ ಇಡ್ಲಿ ಹಿಟ್ಟು ಮಳೆಗಾಲದಲ್ಲಿ ಒಂದು ಬೆರಳೂ ಮೇಲೇರುವುದಿಲ್ಲ. ಶಾಲೆಗೆ ಹೊರಟ ಮಕ್ಕಳ ತಟ್ಟೆಗೆ ಕಲ್ಲಿನಂಥ ಇಡ್ಲಿ ಬೀಳುತ್ತದೆ. ಕಾರಣ ಹುಡುಕುವುದನ್ನು ಬಿಟ್ಟು ಮನೆಮಂದಿ ತಪ್ಪಿತಸ್ಥರನ್ನು ಹುಡುಕಲು ತೊಡಗುತ್ತಾರೆ. ಹಳೆಯ ಉದ್ದು ಕೊಟ್ಟ ಅಂಗಡಿಯವನಿಂದ ಆರಂಭವಾದ ವಿಚಾರಣೆ ಬಂದು ನಿಲ್ಲುವುದು ಮನೆಯ ಹೊಸ ಸೊಸೆಯ ‘ಕೈಗುಣ’ದ ಮೇಲೆ.

ಹೊನ್ನಾವರದ ಸಮೀಪದ ಒಂದು ಮನೆಯಲ್ಲೂ ಹೀಗೇ ಆಯಿತು. ಸೊಸೆ ಕುಮಟೆಯ ಕಡೆಯವಳು, ಪಿಯುಸಿಯವರೆಗೆ ವಿಜ್ಞಾನ ಓದಿದವಳು. ಅತ್ತೆ ಜಗಳಗಂಟಿಯೇನಲ್ಲ. ‘ನೀನು ಬಿಡು ತಂಗೀ, ಹಿಟ್ಟಿನ ಕೆಲಸ ನಾನೇ ನೋಡಿಕೊಳ್ಳುತ್ತೇನೆ’ ಎಂದರು, ಅಷ್ಟೇ. ಆ ಮೆತ್ತಗಿನ ಮಾತೇ ಹೆಚ್ಚು ಚುಚ್ಚಿತು. ಆಕೆ ವಾದಕ್ಕೆ ನಿಲ್ಲಲಿಲ್ಲ. ‘ಇನ್ನು ಸ್ವಲ್ಪ ದಿನ ನೋಡೋಣ ಅತ್ತೆ’ ಎಂದಳು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಇನ್ನೊಂದು ಸಾಲು ಸೇರಿಸತೊಡಗಿದಳು: ರುಬ್ಬಿದ್ದು ಯಾರು, ಎಷ್ಟು ಗಂಟೆಗೆ, ಪಾತ್ರೆ ಇಟ್ಟದ್ದೆಲ್ಲಿ, ಮಳೆ ಇತ್ತೋ ಇಲ್ಲವೋ, ಬೆಳಿಗ್ಗೆ ಹಿಟ್ಟು ಎಷ್ಟು ಬೆರಳು ಏರಿತ್ತು. ಇಡ್ಲಿ ಹೂವಿನಂತೆ ಬಂದ ದಿನವೂ ಬರೆದಳು, ಕೆಟ್ಟ ದಿನವೂ ಬರೆದಳು.

ಚೌತಿ ಕಳೆದ ಮೇಲೆ ಹಾಳೆಗಳನ್ನು ಹಿಂದಕ್ಕೆ ಮಗುಚಿ ನೋಡಿದರೆ ಚಿತ್ರವೇ ಬೇರೆ. ಸಂಜೆ ನಾಲ್ಕಕ್ಕೆ ರುಬ್ಬಿ ಬಚ್ಚಲೊಲೆಯ ಪಕ್ಕ ಇಟ್ಟ ಹಿಟ್ಟು ಮಳೆಯಿದ್ದರೂ ಏರಿತ್ತು. ರಾತ್ರಿ ಎಂಟರ ನಂತರ ರುಬ್ಬಿ ಕಿಟಕಿಯ ಬಳಿ ಇಟ್ಟದ್ದು ಏರಿರಲಿಲ್ಲ. ಸಂಜೆ ರುಬ್ಬುವವರು ಅತ್ತೆ. ಮನೆಗೆಲಸ ಮುಗಿಸಿ ರಾತ್ರಿ ರುಬ್ಬುವವಳು ಸೊಸೆ. ಆದರೆ ನೆಂಟರ ಮನೆಯಿಂದ ತಡವಾಗಿ ಬಂದ ಎರಡು ದಿನ ಅತ್ತೆಯೇ ರಾತ್ರಿ ರುಬ್ಬಿದ್ದರು. ಆ ಎರಡು ದಿನವೂ ಹಿಟ್ಟು ಏರಿರಲಿಲ್ಲ! ಅದು ಯಾರ ನೆನಪಿನಲ್ಲೂ ಉಳಿದಿರಲಿಲ್ಲ, ಕ್ಯಾಲೆಂಡರಿನಲ್ಲಿ ಉಳಿದಿತ್ತು.

ಇಲ್ಲಿಗೂ ಲೆಕ್ಕ ಮುಗಿಯಲಿಲ್ಲ. ತಪ್ಪು ಹೊತ್ತಿನದೋ ಜಾಗದ್ದೋ ಎಂಬುದು ಕ್ಯಾಲೆಂಡರಿನಿಂದ ತಿಳಿಯುವಂತಿರಲಿಲ್ಲ. ಆದ್ದರಿಂದ ಆಕೆ ಒಂದೇ ಹಿಟ್ಟನ್ನು ಎರಡು ಪಾತ್ರೆಗೆ ಹಂಚಿದಳು. ಒಂದು ಬಚ್ಚಲೊಲೆಯ ಪಕ್ಕ, ಇನ್ನೊಂದು ಕಿಟಕಿಯ ಬಳಿ. ಕೈ ಒಂದೇ, ಹೊತ್ತೂ ಒಂದೇ. ಬದಲಾದದ್ದು ಜಾಗ ಮಾತ್ರ. ಬೆಳಿಗ್ಗೆ ಒಲೆಯ ಪಕ್ಕದ ಪಾತ್ರೆ ತುಂಬಿತ್ತು. ಅಂದಿನಿಂದ ಆ ಮನೆಯಲ್ಲಿ ‘ಕೈಗುಣ’ದ ಮಾತು ನಿಂತಿತು.

ಇದರ ಹಿಂದಿರುವುದು ಸರಳ ಜೀವಶಾಸ್ತ್ರ. ಉದ್ದು, ಅಕ್ಕಿಯ ಜೊತೆಗೇ ಬರುವ ಸೂಕ್ಷ್ಮಜೀವಿಗಳು, ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ, ಸಕ್ಕರೆಯ ಅಂಶವನ್ನು ಒಡೆದು ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ. ಆಮ್ಲದಿಂದ ಹುಳಿ ಬರುತ್ತದೆ. ಉದ್ದಿನ ಲೋಳೆ ಅನಿಲವನ್ನು ಗುಳ್ಳೆಗಳಾಗಿ ಹಿಡಿದಿಟ್ಟು ಹಿಟ್ಟನ್ನು ಏರಿಸುತ್ತದೆ. ಈ ಕೆಲಸಕ್ಕೆ ಬೆಚ್ಚನೆಯೂ ಬೇಕು, ಹೊತ್ತೂ ಬೇಕು. ಕರಾವಳಿಯ ಬೇಸಿಗೆಯ ಸೆಕೆಯಲ್ಲಿ ತಡವಾಗಿ ರುಬ್ಬಿದರೂ ನಡೆದೀತು; ಮಳೆಗಾಲದ ತಂಪಿನಲ್ಲಿ ನಡೆಯದು.

ಹುದುಗಿನ ಇಂಥದೇ ಲೆಕ್ಕದಿಂದ ಗಣಿತಕ್ಕೂ ಒಂದು ದೊಡ್ಡ ಕಾಣಿಕೆ ಬಂದಿದೆ. ಐರ್ಲೆಂಡಿನ ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಗೆ 1899ರಲ್ಲಿ ವಿಲಿಯಂ ಸೀಲಿ ಗಾಸೆಟ್ ಎಂಬ ತರುಣ ಕೆಲಸಕ್ಕೆ ಸೇರಿದ. ಬಿಯರ್ ಎಂದೊಡನೆ ಪಾಲಕರು ಹುಬ್ಬೇರಿಸಬೇಕಿಲ್ಲ. ಆತ ಆಕ್ಸ್‌ಫರ್ಡಿನಲ್ಲಿ ರಸಾಯನಶಾಸ್ತ್ರ, ಗಣಿತ ಕಲಿತವನು. ಯಾವ ಬಾರ್ಲಿ ಒಳ್ಳೆಯದು, ಯಾವ ಹಾಪ್ಸ್ ಹೂವು ಸರಿ ಎಂದು ತಿಳಿಯಲು ಕೈಗೆ ಸಿಗುತ್ತಿದ್ದುದು ಕೆಲವೇ ಅಳತೆಗಳು. ಅಷ್ಟರಿಂದಲೇ ತೀರ್ಪು ಕೊಟ್ಟರೆ ಅದನ್ನು ಎಷ್ಟು ನಂಬಬಹುದು? ಈ ಪ್ರಶ್ನೆಗೆ ಉತ್ತರವಾಗಿ ಗಾಸೆಟ್ 1908ರಲ್ಲಿ ‘ಬಯೊಮೆಟ್ರಿಕಾ’ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದ. ನೌಕರರು ಸ್ವಂತ ಹೆಸರಿನಲ್ಲಿ ಬರೆಯಲು ಕಂಪನಿ ಒಪ್ಪದ ಕಾರಣ ಅವನಿಟ್ಟುಕೊಂಡ ಹೆಸರು ‘ಸ್ಟೂಡೆಂಟ್’, ಅಂದರೆ ವಿದ್ಯಾರ್ಥಿ. ಇಂದಿಗೂ ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲಿ ಅದು ‘ಸ್ಟೂಡೆಂಟ್‌ನ ಟಿ ಪರೀಕ್ಷೆ’. ಅಳತೆಗಳು ಕಡಿಮೆಯಿದ್ದಷ್ಟೂ ತೀರ್ಪಿನಲ್ಲಿ ಎಚ್ಚರ ಹೆಚ್ಚಿರಬೇಕು ಎಂಬುದು ಅದರ ತಿರುಳು.

ವಿಜ್ಞಾನ ಪ್ರದರ್ಶನಕ್ಕೆ ಜ್ವಾಲಾಮುಖಿಯ ಮಾದರಿಯೇ ಆಗಬೇಕೆಂದಿಲ್ಲ. ಒಂದು ತಿಂಗಳ ಹಿಟ್ಟಿನ ಲೆಕ್ಕವೂ ಆದೀತು. ಒಂದು ಪಾತ್ರೆಗೆ ಸಾಣಿಕಟ್ಟಾದ ಉಪ್ಪನ್ನು ಮೊದಲೇ ಹಾಕಿ, ಇನ್ನೊಂದಕ್ಕೆ ಬೆಳಿಗ್ಗೆ ಹಾಕಿ ನೋಡಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಏನೂ ವಿಶೇಷ ನಡೆಯದ ದಿನವನ್ನೂ ಬರೆಯಬೇಕು. ಹೊನ್ನಾವರದ ಹವಾಮಾನ ವೀಕ್ಷಣಾಲಯ ಮಳೆ ಸುರಿದ ದಿನವನ್ನಷ್ಟೇ ಬರೆದಿಟ್ಟು ಬಿಸಿಲಿನ ದಿನವನ್ನು ಬಿಟ್ಟರೆ ಆ ಪುಸ್ತಕಕ್ಕೆ ಬೆಲೆಯೇನು?

ಪಾಲಕರಿಗೂ ಇದರಲ್ಲಿ ಒಂದು ಮಾತಿದೆ. ಒಂದು ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ‘ಇವನಿಗೆ ಗಣಿತ ಹತ್ತುವುದಿಲ್ಲ’ ಎಂದು ತೀರ್ಪು ಕೊಡುವವರು ಅನೇಕರು. ಅದೂ ಒಂದು ಬಗೆಯ ‘ಕೈಗುಣ’ದ ಮಾತೇ. ಯಾವ ಪಾಠದಲ್ಲಿ ತಪ್ಪಿತು, ಹಿಂದಿನ ರಾತ್ರಿ ಎಷ್ಟು ಹೊತ್ತು ನಿದ್ದೆಯಾಗಿತ್ತು, ಓದಿದ್ದು ಯಾವಾಗ, ಚೆನ್ನಾಗಿ ಬರೆದ ದಿನ ಏನು ಬೇರೆ ಇತ್ತು ಎಂದು ನಾಲ್ಕು ತಿಂಗಳು ಮಕ್ಕಳ ಜೊತೆ ಕುಳಿತು ಬರೆದಿಡಲಿ. ಉಬ್ಬದ ಹಿಟ್ಟನ್ನು ದೋಸೆಗೆ ಬಳಸಿ ಮುಗಿಸಬಹುದು. ಒಂದೆರಡು ಅಂಕ ನೋಡಿ ಮಗುವಿಗೆ ಅಂಟಿಸಿದ ಹೆಸರು ಅಷ್ಟು ಬೇಗ ಕಳಚಿಕೊಳ್ಳುವುದಿಲ್ಲ.