ಗಾಯವೂ ಹಸಿರು ರಸವೂ

ನಮ್ಮ ಕಾಸರಗೋಡು ಸೀಮೆಯ ಶಾಲೆಗಳಲ್ಲಿ ಯಾವನಾದರೊಬ್ಬ ಹುಡುಗನ ಮೊಣಕಾಲು ತರಚದ ದಿನವಿಲ್ಲ. ನಾನು ಔಷಧದ ಪೆಟ್ಟಿಗೆಯನ್ನು ತೆರೆಯುವಷ್ಟರಲ್ಲಿ ಅವನ ಗೆಳೆಯರು ಬೇಲಿಬದಿಯ ಕಮ್ಯುನಿಸ್ಟ್ ಪಚ್ಚೆಯ ಎಲೆ ಕಿತ್ತು, ಅಂಗೈಯಲ್ಲಿ ತಿಕ್ಕಿ, ರಸ ಹಿಂಡಿಬಿಟ್ಟಿರುತ್ತಾರೆ. (ಹೆಸರು ಮಲೆಯಾಳದ್ದು, ಗಿಡ ಅಮೆರಿಕ ಖಂಡದ್ದು.) ನೆತ್ತರು ನಿಲ್ಲುವುದು ಸುಳ್ಳಲ್ಲ. ವಿಯೆಟ್ನಾಮಿನಲ್ಲಿ ಇದೇ ಎಲೆಯ ಸಾರವನ್ನು ವೈದ್ಯರು ಸುಟ್ಟಗಾಯಗಳಿಗೆ ಬಳಸಿರುವರು.

ಕಳೆದ ಮಳೆಗಾಲದಲ್ಲಿ ಕತ್ತಿ ತಗಲಿ ಕಾಲು ಸೀಳಿದ ಹುಡುಗನೊಬ್ಬನನ್ನು ಚುಚ್ಚುಮದ್ದಿಗೆ ಕರೆದೊಯ್ಯಲು ಹೊರಟಾಗ ಅವನ ಅಜ್ಜಿ ತಡೆದರು. “ಸೊಪ್ಪಿನಿಂದಲೇ ಗಾಯದ ಮದ್ದು ಮಾಡುತ್ತಾರೆಂದು ಪೇಪರಿನಲ್ಲಿ ಬಂದಿದೆಯಂತಲ್ಲ ಮಾಷ್ಟ್ರೇ, ಮತ್ತೆ ಸೂಜಿ ಯಾಕೆ?”

“ಸೊಪ್ಪು ಒಳ್ಳೆಯದೇ ಅಮ್ಮಾ, ಅದಕ್ಕೆ ಅಂಟಿದ ಮಣ್ಣು ಒಳ್ಳೆಯದಲ್ಲ” ಎಂದೆ. ಅವರು ತುಸು ಯೋಚಿಸಿ, ಒಳಗಿನಿಂದ ಕೊಡೆ ತಂದುಕೊಟ್ಟರು. ಪ್ರಶ್ನೆಯೇನೋ ನ್ಯಾಯವಾದುದೇ. ಅಂದು ವಿವರಿಸಲು ವ್ಯವಧಾನವಿರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಪತ್ರಿಕೆಯಲ್ಲಿ ಬಂದದ್ದು ಹೈಡ್ರೋಜೆಲ್ ಎಂಬ ಲೇಪದ ಸುದ್ದಿ. ಕಾಮಕಸ್ತೂರಿಯ ಬೀಜವನ್ನು ನೀರಿಗೆ ಹಾಕಿದರೆ ಸುತ್ತಲೂ ಲೋಳೆ ಕಟ್ಟುವುದಷ್ಟೆ. ಅಂತೆಯೇ ನೀರನ್ನು ಹೀರಿ ತನ್ನ ಜಾಲದೊಳಗೆ ಹಿಡಿದಿಡುವ ವಸ್ತುವಿದು. ಹಣ್ಣಿನ ಸಿಪ್ಪೆಯ ಪೆಕ್ಟಿನ್, ಸಸ್ಯದ ನಾರಿನ ಸೆಲ್ಯುಲೋಸ್ ಮೊದಲಾದವುಗಳಿಂದ ಅದನ್ನು ಸಿದ್ಧಪಡಿಸಿ, ಅರಸಿನದ ಕುರ್ಕುಮಿನ್‌ನಂತಹ ಕ್ರಿಮಿನಾಶಕ ಸತ್ವವನ್ನು ಅಳೆದು ಸೇರಿಸುವರು. ಕುರ್ಕುಮಿನ್ ನೀರಿನಲ್ಲಿ ಸುಲಭವಾಗಿ ಕರಗದು. ಅದನ್ನು ಜೆಲ್ಲಿನಲ್ಲಿ ಸಮನಾಗಿ ಹರಡುವುದೇ ಒಂದು ಸಾಹಸ.

ಗಾಯಕ್ಕೆ ತೇವವೇಕೆ? ನಮ್ಮ ಮಾತಿನಲ್ಲಿ ಗಾಯ ವಾಸಿಯಾಗುವುದಕ್ಕೆ ‘ಒಣಗುವುದು’ ಎಂದೇ ಹೆಸರು. 1962ರಲ್ಲಿ ಬ್ರಿಟನ್ನಿನ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೈಮೇಲಿನ ಗಾಯಗಳಲ್ಲಿ ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ, ಕೆಲವನ್ನು ಗಾಳಿಗೆ ಬಿಟ್ಟು ನೋಡಿದರು. ಮುಚ್ಚಿ ತೇವವಾಗಿರಿಸಿದ ಗಾಯಗಳಲ್ಲಿ ಹೊಸ ಚರ್ಮ ಸುಮಾರು ಇಮ್ಮಡಿ ವೇಗದಲ್ಲಿ ಹಬ್ಬಿತ್ತು! ಹೊಸ ಜೀವಕೋಶಗಳು ಗಟ್ಟಿ ಹಕ್ಕಳೆಯ ಅಡಿಯಲ್ಲಿ ದಾರಿ ಕೊರೆಯುವುದಕ್ಕಿಂತ ತೇವದ ಮೇಲೆ ಸಾಗುವುದು ಸುಲಭ.

ಆದರೆ ಔಷಧವಾಗುವ ಜೆಲ್ಲನ್ನು ಕ್ರಿಮಿಶುದ್ಧ ಮಾಡಿರಬೇಕು. ಬೇಲಿಯ ಎಲೆಗೆ ಆ ಸಂಸ್ಕಾರವಿಲ್ಲ. ಧನುರ್ವಾಯುವಿನ ಸೂಕ್ಷ್ಮ ಬೀಜಗಳು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ವರ್ಷಗಟ್ಟಲೆ ಉಳಿಯಬಲ್ಲವು. ಗಾಳಿಯಾಡದ ಆಳವಾದ ಗಾಯವೇ ಅವಕ್ಕೆ ಅನುಕೂಲ. ಇನ್ನು ಗಾಜಿನ ತಟ್ಟೆಯಲ್ಲಿ ಕ್ರಿಮಿಗಳನ್ನು ಕೊಂದ ಸಸ್ಯಜನ್ಯ ಜೆಲ್ಲುಗಳಲ್ಲಿ ಬಹುಪಾಲು ಪ್ರಯೋಗಶಾಲೆಯ ಹಂತದಲ್ಲಿಯೇ ಇವೆ. ಮುಂದೆ ಸಕ್ಕರೆ ಕಾಯಿಲೆಯವರ ಮಾಯದ ಕಾಲುಹುಣ್ಣಿಗೆ ಅವು ಒದಗಿದರೆ ಬಹಳ ದೊಡ್ಡ ಉಪಕಾರವಾದೀತು. ಧನುರ್ವಾಯುವಿನ ಲಸಿಕೆಯ ಸ್ಥಾನಕ್ಕಂತೂ ಅವು ಬರಲಾರವು. ಆ ಲಸಿಕೆ 10 ಮತ್ತು 16ನೆಯ ವಯಸ್ಸಿನಲ್ಲಿ ಸರಕಾರದಿಂದಲೇ ಉಚಿತವಾಗಿ ದೊರೆಯುತ್ತದೆ. ನಮ್ಮ ಐದನೆಯ ತರಗತಿಯ ಯಾದಿಯಲ್ಲಿ ಇನ್ನೂ ಮೂವರ ಹೆಸರಿನ ಮುಂದೆ ಗುರುತು ಬಿದ್ದಿಲ್ಲ. ನಾಳೆ ಆ ಮನೆಗಳಿಗೆ ಹೋಗಿಬರಬೇಕು.