ಕಾರಿನಲ್ಲಿ ರಬ್ಬರ್ ಸುಟ್ಟ ವಾಸನೆಯೇ? ಮೊದಲು ‘ಯಾವಾಗ’ ಅಂತ ಕೇಳಿ

ಜರ್ನಲಿಸಂ ಡಿಪ್ಲೊಮಾ ಒಟ್ಟಿಗೇ ಮುಗಿಸಿದ ನಾವು ಮೂವರು ಸೇರಿ ಹಳೇ ಕಾರೊಂದನ್ನು ಇಟ್ಟುಕೊಂಡಿದ್ದೇವೆ. ನಮ್ಮಂಥ ಸ್ಟ್ರಿಂಗರ್‌ಗಳಿಗೆ ತಿಂಗಳ ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಕೊಡುತ್ತಾರೆ. ಹಾಗಾಗಿ ಪೆಟ್ರೋಲು, ಇನ್ಶೂರೆನ್ಸು, ರಿಪೇರಿ ಎಲ್ಲವೂ ಮೂರು ಪಾಲು. ಸುದ್ದಿಗೆ ಓಡಾಡುವುದು ಆ ಕಾರಿನ ಅರ್ಧ ಕೆಲಸ, ಇನ್ನರ್ಧ ಊರಿನವರ ಕೆಲಸ. ಪಕ್ಕದ ಮನೆಯ ಅಜ್ಜಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಆಸ್ಪತ್ರೆ ಇರುವುದು ಘಟ್ಟದ ಕೆಳಗೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯಬೇಕು, ಸಂಜೆ ಅದೇ ದಾರಿಯಲ್ಲಿ ಹತ್ತಿ ಬರಬೇಕು. ನಮ್ಮಲ್ಲಿ ಯಾರಿಗೆ ಬಿಡುವಿದೆಯೋ ಅವರು ಕರೆದುಕೊಂಡು ಹೋಗುತ್ತೇವೆ.

ಕಳೆದ ಮಳೆಗಾಲದಲ್ಲಿ ಕಾರಿನೊಳಗೆ ರಬ್ಬರ್ ಸುಟ್ಟ ವಾಸನೆ ಶುರುವಾಯಿತು. ಪೇಟೆಯ ಗ್ಯಾರೇಜೊಂದರಲ್ಲಿ ಬಾನೆಟ್ ಎತ್ತುವ ಮೊದಲೇ ತೀರ್ಪು ಬಂತು: "ಘಾಟಿ ಓಡಿಸ್ತೀರಲ್ಲ, ಕ್ಲಚ್ ಪ್ಲೇಟ್ ಹೋಗಿದೆ. 9,000 ಆಗ್ತದೆ." ಪಾಲು ಹಾಕಿದರೆ ತಲಾ 3,000. ಆ ತಿಂಗಳು ನಮ್ಮ ಯಾರ ಕೈಯಲ್ಲೂ ಅಷ್ಟಿರಲಿಲ್ಲ. ನಮ್ಮ ಕೈಯಲ್ಲಿ ದುಡ್ಡಾಗಲಿ ಅಂತ ಅಜ್ಜಿಯ ಡಯಾಲಿಸಿಸ್ ಕಾಯುವುದಿಲ್ಲ.

ಡಿಪ್ಲೊಮಾದಲ್ಲಿ ನಮಗೆ ಕಲಿಸಿದ ಮೊದಲ ಪಾಠ: ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಅದರಲ್ಲಿ ‘ಯಾವಾಗ’ ಮತ್ತು ‘ಎಲ್ಲಿ’ ಎರಡನ್ನು ಕಾರಿಗೇ ಕೇಳಿದೆವು. ನೀವೂ ಕೇಳಬಹುದು.

ಏರು ಹತ್ತುವಾಗ, ಅರ್ಧ ಕ್ಲಚ್ಚಿನಲ್ಲಿ ನಿಂತು ನಿಂತು ಹೋಗುವಾಗ ವಾಸನೆ ಬಂದರೆ ಅನುಮಾನ ಕ್ಲಚ್ ಮೇಲೆ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಕಾರು ಮಾತ್ರ ಎಳೆಯುವುದಿಲ್ಲ ಎಂದಾದರೆ ಅನುಮಾನ ಇನ್ನೂ ಗಟ್ಟಿ.

ಇಳಿಜಾರಿನಲ್ಲಿ ಬಂದರೆ ಬ್ರೇಕ್. ಘಾಟಿ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು ನಾರುತ್ತದೆ, ಕೊನೆಗೆ ಬ್ರೇಕ್ ಸರಿಯಾಗಿ ಹಿಡಿಯುವುದೇ ಇಲ್ಲ. ಕಡಿಮೆ ಗೇರಿನಲ್ಲಿ ಇಳಿಯಿರಿ. ವಾಸನೆ ಬಂದರೆ ಬದಿಗೆ ನಿಲ್ಲಿಸಿ ಆರಲು ಬಿಡಿ, ಕಾದ ಚಕ್ರಕ್ಕೆ ನೀರು ಎರಚಬೇಡಿ. ಸಮ ರಸ್ತೆಯಲ್ಲೂ ಬರುತ್ತಿದ್ದರೆ ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ. ಆಮೇಲೆ ಒಂದೊಂದೇ ಚಕ್ರದ ಹತ್ತಿರ, ಮುಟ್ಟದೆ, ಕೈ ಹಿಡಿಯಿರಿ. ಒಂದು ಚಕ್ರ ಮಾತ್ರ ಜಾಸ್ತಿ ಕಾದಿದ್ದರೆ ಅಲ್ಲಿ ಬ್ರೇಕ್ ಜಾಮ್ ಆಗಿರಬಹುದು.

ಜನ ತುಂಬಿದಾಗ ಅಥವಾ ತಿರುವಿನಲ್ಲಿ ಬಂದರೆ ಟೈರ್ ಎಲ್ಲಾದರೂ ಉಜ್ಜುತ್ತಿದೆಯೇ ನೋಡಿ, ಉಜ್ಜಿದ ಕಡೆ ಗುರುತು ಬಿದ್ದಿರುತ್ತದೆ. ರಸ್ತೆಯ ಪ್ಲಾಸ್ಟಿಕ್ ಕವರ್ ಸೈಲೆನ್ಸರಿಗೆ ಅಂಟಿ ಕರಗಿದರೂ, ಇಂಜಿನ್ ಆಯಿಲ್ ಅದರ ಪೈಪಿನ ಮೇಲೆ ತೊಟ್ಟಿಕ್ಕಿದರೂ ಸುಟ್ಟ ವಾಸನೆ ಬರುತ್ತದೆ.

ವೈರ್ ಸುಟ್ಟಂಥ ಘಾಟು ಬಂದರೆ ಮಾತ್ರ ಪರೀಕ್ಷೆ ಬೇಡ. ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಎಲ್ಲರೂ ಇಳಿದು ದೂರ ನಿಲ್ಲಿ. ಬಾನೆಟ್ ಸಂದಿಯಿಂದ ಹೊಗೆ ಬರುತ್ತಿದ್ದರೆ ಅದನ್ನು ಎತ್ತಬೇಡಿ. ಗಾಳಿ ಸಿಕ್ಕಿದರೆ ಬೆಂಕಿ ಭುಗಿಲೇಳುತ್ತದೆ.

ನಮ್ಮ ಕಾರಿನ ಕಥೆ ನಾಲ್ಕು ದಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಮೇಲೆ ತಿಳಿಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಲೈಟು, ವೈಪರ್ ಹಾಕಿದ ಕೂಡಲೇ ಕೀಂಯ್ ಅಂತ ಸದ್ದು, ಹಿಂದೆಯೇ ವಾಸನೆ. ಅದೂ ಕಾರು ಅಂಗಳದಲ್ಲಿ ನಿಂತಿರುವಾಗಲೇ! ಚಕ್ರ ಉರುಳಿಲ್ಲ, ಗೇರ್ ಹಾಕಿಲ್ಲ. ಅಂದಮೇಲೆ ಟೈರೂ ಅಲ್ಲ, ಬ್ರೇಕೂ ಅಲ್ಲ, ಕ್ಲಚ್ಚೂ ಅಲ್ಲ. ಇಂಜಿನ್ ಆಫ್ ಮಾಡಿ ಬಾನೆಟ್ ಎತ್ತಿದರೆ, ಫ್ಯಾನ್ ಬೆಲ್ಟಿನ ಅಂಚು ಗಾಜಿನಂತೆ ಹೊಳೆಯುತ್ತಿತ್ತು. ಸುತ್ತ ಕಪ್ಪು ಪುಡಿ ಉದುರಿತ್ತು.

ಹೋಬಳಿಯ ಹಳೇ ಮೆಕ್ಯಾನಿಕ್ ಒಬ್ಬರಿಗೆ ನೋಟ್‌ಬುಕ್ ಓದಿ ಹೇಳಿದೆವು. ಅವರು ಬೆಲ್ಟ್ ಬಿಚ್ಚಿ ಡೈನಮೋದ ಪುಲ್ಲಿಯನ್ನು ಬೆರಳಲ್ಲಿ ತಿರುಗಿಸಿದರು. ಗರಗರ ಅಂತು. "ಬೆಲ್ಟ್ ಒಂದೇ ಹಾಕಿದ್ರೆ ಸಾಲ್ದು ಮಾರಾಯ್ರೆ. ಸುಡ್ತಿರೋದು ಬೆಲ್ಟು, ಸುಡಿಸ್ತಿರೋದು ಬೇರಿಂಗು" ಅಂದರು.

ವಿಷಯ ಇಷ್ಟೇ. ಬೇರಿಂಗ್ ಸವೆದು ಪುಲ್ಲಿ ಬಿಗಿಯಾಗಿತ್ತು. ಲೈಟು, ವೈಪರ್ ಹಾಕಿದಾಗ ಡೈನಮೋಗೆ ಭಾರ ಹೆಚ್ಚಿ ಬೆಲ್ಟ್ ಜಾರುತ್ತಿತ್ತು, ಜಾರಿ ಜಾರಿ ಕಾಯುತ್ತಿತ್ತು. ಬರೀ ಬೆಲ್ಟ್ ಬದಲಾಯಿಸಿದ್ದರೆ ಹೊಸದೂ ಸುಡುತ್ತಿತ್ತು. ಕ್ಲಚ್ ಪ್ಲೇಟ್ ಹಾಕಿಸಿದ್ದರೆ 9,000 ಹೋಗಿ ವಾಸನೆ ಹಾಗೇ ಉಳಿಯುತ್ತಿತ್ತು. ನಮ್ಮ ಕಾರಿನಲ್ಲಿ ನೀರಿನ ಪಂಪ್ ತಿರುಗಿಸುವುದೂ ಅದೇ ಬೆಲ್ಟ್. ಅದು ಘಾಟಿ ಮಧ್ಯೆ ಹರಿದಿದ್ದರೆ ಇಂಜಿನ್ ಕುದಿದು ನಿಲ್ಲುತ್ತಿತ್ತು. ಮಳೆ, ಮಂಜು, ನೆಟ್‌ವರ್ಕ್ ಇಲ್ಲದ ತಿರುವು, ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಹಿಂದಿನ ಸೀಟಿನಲ್ಲಿ ಮಲಗಿದ ಅಜ್ಜಿ. ಇದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಬೆಲ್ಟ್, ಬೇರಿಂಗ್, ಕೂಲಿ ಸೇರಿ ಆದದ್ದು 1,450 ರೂಪಾಯಿ.

ಆದ್ದರಿಂದ ಗ್ಯಾರೇಜಿಗೆ ಹೋದಾಗ "ಏನೋ ವಾಸನೆ ಬರ್ತದೆ" ಅಂತಷ್ಟೇ ಹೇಳಬೇಡಿ. ನಿಂತಾಗಲೋ ಓಡುವಾಗಲೋ, ಏರಿನಲ್ಲೋ ಇಳಿಜಾರಿನಲ್ಲೋ, ಯಾವ ಸದ್ದು, ಯಾವ ಚಕ್ರ ಅಂತ ಬಿಡಿಸಿ ಹೇಳಿ. ಬಿಚ್ಚಿದ ಹಳೇ ಸಾಮಾನನ್ನು ಕೇಳಿ ತೆಗೆದುಕೊಳ್ಳಿ. ನಮ್ಮ ಹಳೇ ಬೇರಿಂಗ್ ಈಗಲೂ ಡಿಕ್ಕಿಯಲ್ಲಿದೆ, ಕೇಳಿದವರಿಗೆ ತಿರುಗಿಸಿ ತೋರಿಸುತ್ತೇವೆ.