ಕಾಕಾನ ಇಂಜಿನ್ ಖೋಲಿ

ಅಫಜಲಪುರ ಸೀಮ್ಯಾಗ ಹುಟ್ಟಿದವರಿಗಿ ದೊಡ್ಡ ನೀರು ಅಂದ್ರ ಭೀಮಾ ಹೊಳಿ ಒಂದೇ. ಬ್ಯಾಸಿಗ್ಯಾಗ ಅದೂ ಮೊಣಕಾಲ ಮಟ. ಇಂಥಾ ಕಡಿಂದ ಹೋಗಿ ನಮ್ಮ ಕಾಕಾ 15 ವರ್ಷ ನೌಕಾದಳದಾಗ ನೌಕರಿ ಮಾಡ್ಯಾರ. ಅದ್ರಾಗ ಹೆಚ್ಚಿನ ವರ್ಷ ಸಮುದ್ರದ ಮ್ಯಾಲಲ್ಲ, ಸಮುದ್ರದ ಒಳಗ. ಪೇಪರ್‌ದಾಗ ಅದಕ್ಕ ಜಲಾಂತರ್ಗಾಮಿ ಅಂತ ಬರೀತಾರ, ಕಾಕಾ ಸಬ್‌ಮರೀನ್ ಅಂತಾರ. ನಮ್ಮ ಕಾಕಿ ಮಾತ್ರ ಇನ್ನೂ ‘ಆ ಮುಳುಗೋ ಬೋಟು’ ಅಂತಾಳ.

ಸಂಜೀಕ ಕಾಕಾನ ಕಟ್ಟಿಗಿ ಒಬ್ಬರು ಹಿರೇರು ಬಂದು ಕುಂಡ್ರತಾರ. ಒಂದು ಕಾಲಕ್ಕ ಊರಾಗ ಅವ್ರದು ಹಿಟ್ಟಿನ ಗಿರಣಿ ಇತ್ತು. ನನ್ನ ವಯಸ್ಸಿನ ಅಕ್ಕತಂಗೇರಿಗಿ ನೆನಪಿರಬೇಕು, ಕರೆಂಟ್ ಗಿರಣಿ ಬರೋಕಿಂತ ಮೊದಲಿನ ಡೀಸೆಲ್ ಇಂಜಿನ್ ಗಿರಣಿ. ಹ್ಯಾಂಡಲ್ ಹಚ್ಚಿ ಜೋರ ಹಾಕಿ ತಿರುವಬೇಕು. ಚಕ್ರ ಓಟ ಹಿಡದಮ್ಯಾಲ ಕುಕ್ ಕುಕ್ ಕುಕ್ ಅಂತ ಇಡೀ ಊರಿಗಿ ಕೇಳತಿತ್ತು. ಆ ಸಪ್ಪಳ ಕೇಳಿದ ಕೂಡಲೇ ನಮ್ಮವ್ವ ಜ್ವಾಳದ ಬುಟ್ಟಿ ನನ್ನ ತಲಿಮ್ಯಾಲ ಹೊರಸಿ ಕಳಸತಿದ್ಲು.

ಇವರಿಬ್ಬರೂ ಕುಂತ್ರ ಮಾತೆಲ್ಲಾ ಇಂಜಿನ್‌ದೇ. ರೈತರು ಮಾರಿದ ಎತ್ತಿನ ಸುದ್ದಿ ಹೇಳತಾರಲ್ಲ, ಹಂಗ. ಅದು ಹೆಂಗ ಕೆಮ್ಮತಿತ್ತು, ಎಂಥಾ ಹೊಗಿ ಬಿಟ್ರ ಏನಾಗಿರತಿತ್ತು, ಯಾವ ನಟ್ಟು ಯಾವಾಗ ಸಡಲ ಆಗತಿತ್ತು.

ಒಂದಿನ ಚಾ ಕೊಡಲಾಕ ಹೋದಾಗ ನಾನೇ ಕೇಳಿದೆ, “ಕಾಕಾ, ಒಲಿ ಉರೀಲಾಕ ಗಾಳಿ ಬೇಕು. ನೀರಾಗ ಮುಳುಗಿದಮ್ಯಾಲ ಡೀಸೆಲ್ ಇಂಜಿನ್ ಹೆಂಗ ನಡೀತದ್ರಿ?” ಕಾಕಾ, “ಬರೋಬ್ಬರಿ ಕೇಳಿದಿ ನೋಡವ್ವ. ಮುಳುಗಿದಮ್ಯಾಲ ಅದು ನಡ್ಯಂಗೇ ಇಲ್ಲ” ಅಂದ್ರು.

ಅವ್ರು ಹೇಳಿದ್ದು ನನಗ ತಿಳದಷ್ಟು ಹೇಳತೀನಿ. ಈಗ ನಾವು ಮನ್ಯಾಗ ಇನ್ವರ್ಟರ್ ಇಟ್ಟೀವಲ್ಲ, ಕರೆಂಟ್ ಇದ್ದಾಗ ಬ್ಯಾಟರಿ ತುಂಬತದ, ಹೋದಾಗ ಅದರಮ್ಯಾಲ ಫ್ಯಾನ್ ತಿರಗತದ. ಅದೂ ಹಂಗೇ. ಬೋಟು ಮ್ಯಾಲ ಇದ್ದಾಗ ಡೀಸೆಲ್ ಇಂಜಿನ್ ಹಚ್ಚಿ ಬ್ಯಾಟರಿ ತುಂಬಸೋದು. ಮುಳುಗೋವಾಗ ಇಂಜಿನ್ ಬಂದ್ ಮಾಡಿ ಬ್ಯಾಟರಿಮ್ಯಾಲ ಮೋಟಾರ್ ತಿರುವೋದು. ಬ್ಯಾಟರಿ ಖಾಲಿ ಆತಂದ್ರ ಮತ್ತ ಮ್ಯಾಲ ಬರಬೇಕು. ಪೂರಾ ಮ್ಯಾಲ ಬಂದ್ರ ವೈರಿಗಿ ಕಾಣತದಂತ ಸ್ನಾರ್ಕೆಲ್ ಅನ್ನೋ ಉದ್ದನ ಕೊಳವಿ ಅಷ್ಟೇ ನೀರಿನ ಹೊರಗ ಚಾಚಿ ಗಾಳಿ ಎಳಕೋತಾರ. ದೊಡ್ಡ ತೆರಿ ಬಂದು ಕೊಳವಿ ಮುಳುಗಿತಂದ್ರ ಅದರ ಬಾಯಿ ತಾನೇ ಮುಚ್ಚತದ. ಇಂಜಿನ್ ಸುಮ್ಮನಿರತದೇನು? ಒಳಗ ಮಂದಿ ಉಸರಾಡೋ ಗಾಳಿನೇ ಎಳೀತದ. ಕಿವಿ ಟಪ್ ಅಂತ ಕಟ್ಟತಾವಂತ.

ಬ್ಯಾಟರಿ ತುಂಬೋವಾಗ ಹೈಡ್ರೋಜನ್ ಅನ್ನೋ ಗ್ಯಾಸ್ ಬರ್ತದಂತ. ನಮ್ಮ ಸಿಲಿಂಡರ್ ಸೋರಿದ್ರ ಮೂಗಿಗಿ ತಿಳೀತದ, ಅದಕ್ಕ ವಾಸನೀನೂ ಇಲ್ಲ. ಹೊರಗ ಹಾಕದೇ ಬಿಟ್ರ ಒಂದು ಕಿಡಿ ಸಾಕು.

ನಮ್ಮ ದೇಶಕ್ಕ ಮೊದಲನೇ ಸಬ್‌ಮರೀನ್ ‘ಕಲ್ವರಿ’. 1967ರ ಡಿಸೆಂಬರ್ 8ಕ್ಕ ಆಗಿನ ಸೋವಿಯತ್ ಒಕ್ಕೂಟದ ರೀಗಾ ಬಂದರಿನಾಗ ನಮ್ಮ ನೌಕಾದಳಕ್ಕ ಸೇರಿತು. ಆ ದಿನಾನೇ ಈಗ್ಲೂ ಸಬ್‌ಮರೀನ್ ದಿನ ಅಂತ ಮಾಡ್ತಾರ. ಅದೇ ನಮೂನಿವು ಒಟ್ಟು 8 ಬಂದ್ವು. ಒಂದೊಂದರಾಗ 3 ಡೀಸೆಲ್ ಇಂಜಿನ್, ಒಂದೊಂದು ಇಂಜಿನ್ 2000 ಹಾರ್ಸ್‌ಪವರ್. ಇದು ಕೇಳಿ ಗಿರಣಿ ಹಿರೇರು ಬೆರಳ ಮಡಚಿ ಲೆಕ್ಕ ಹಾಕಿದ್ರು. “ನಂದು 10 ಹಾರ್ಸ್‌ಪವರ್. ಅಂದ್ರ ನಿನ್ನ ಒಂದು ಬೋಟಿನಾಗ ನನ್ನಂಥಾ 600 ಗಿರಣಿ ಅವಲ್ಲೋ ಮಾರಾಯ!”

ಕಾಕಾ ಮೊದಲ ಲೋಣಾವಳಾದ ಐಎನ್‌ಎಸ್ ಶಿವಾಜಿಯಾಗ ಇಂಜಿನ್ ಕೆಲಸ ಕಲತ್ರು, ಆಮ್ಯಾಲ ವಿಶಾಖಪಟ್ಟಣದ ಐಎನ್‌ಎಸ್ ಶಾತವಾಹನದಾಗ ಸಬ್‌ಮರೀನ್ ಕೆಲಸ. ಬೋಟಿನ ಒಳಗ ಕಾಟಾಗಳ ಮ್ಯಾಲೆಲ್ಲಾ ರಶಿಯಾದ ಅಕ್ಷರ. ನಮ್ಮೂರ ಕನ್ನಡ ಸಾಲಿ ಹುಡುಗ ಅವನ್ನ ಓದಲಾಕ ಕಲತಿದ್ರು.

ಇಂಜಿನ್ ಖೋಲ್ಯಾಗ ಮಾತು ಕೇಳಸಂಗಿಲ್ಲ, ಎಲ್ಲಾ ಕೈ ಸನ್ನಿ. ಒಳಗಿನ ಸಪ್ಪಳ ತಿಳೀಬೇಕಂದ್ರ ಸ್ಕ್ರೂಡ್ರೈವರ್ ತುದಿ ಇಂಜಿನ್‌ಗಿ ಹಚ್ಚಿ, ಹಿಡಿ ಕಿವಿಗಿ ಹಚ್ಚಬೇಕು. ಗಿರಣಿ ಹಿರೇರೂ ಹಂಗೇ ಮಾಡತಿದ್ರಂತ. ಅಲ್ಲಿ ಝಳ ಹೆಂಗಂದ್ರ, ನಾವು ಬ್ಯಾಸಿಗ್ಯಾಗ ಹತ್ತು ಮಂದಿಗಿ ರೊಟ್ಟಿ ಬಡೀಲಾಕ ಕುಂತಾಗ ಒಲಿ ಮುಂದ ಇರತದಲ್ಲ ಹಂಗ, ಆದ್ರ ಎದ್ದು ಅಂಗಳಕ್ಕ ಬರಂಗಿಲ್ಲ. ಕುಡಿಯೋ ನೀರು ಅಳತಿಮ್ಯಾಲ, ಜಳಕದ ಮಾತೇ ಇಲ್ಲ. 75ರ ಆಸುಪಾಸು ಮಂದಿ, ಒಬ್ಬ ಎದ್ದ ಹಾಸಿಗಿಮ್ಯಾಲ ಇನ್ನೊಬ್ಬ ಮಲಗೋದು. ಅರಿವಿಗಿ, ಕೂದಲಿಗಿ, ಉಣ್ಣೋ ಅನ್ನಕ್ಕೂ ಡೀಸೆಲ್ ವಾಸನಿ. ಸೂಟಿಗಿ ಬಂದಾಗ ಕಾಕಿ ಆ ಅರಿವಿ ಮೂರು ಸಲ ಸೋಡಾ ಹಾಕಿ ಕುದಸತಿದ್ಲು. ವಾಸನಿ ಹೋಗತಿದ್ದಿಲ್ಲ ಅಂತಾಳ.

ಕಾಕಿ ಜೇವರ್ಗಿ ಕಡಿ ಹೆಣ್ಣಮಗಳು. ಮದಿವಿ ಆದಮ್ಯಾಲ ಅತ್ತಿಮನ್ಯಾಗೇ ಉಳದ್ಲು. ಬೋಟು ಎಲ್ಲಿಗಿ ಹೋಗತದ, ಎಂದು ಬರತದ ಅಂತ ಮನ್ಯಾಗ ಹೇಳಂಗಿದ್ದಿಲ್ಲ. ಕಾಗದ ಬಂದ್ರ ಬಂತು, ಇಲ್ಲಂದ್ರ ಇಲ್ಲ. 1981ರಾಗ ನಮ್ಮ ಆಯಿ ತೀರಕೊಂಡಳು. ಟೆಲಿಗ್ರಾಮ್ ಕೊಟ್ರು. ಕಾಕಾ ಬಂದಿದ್ದು 22ನೇ ದಿನಕ್ಕ. “ಡ್ಯೂಟಿಮ್ಯಾಲ ಇದ್ದೆ” ಅಂದ್ರು, ಅಷ್ಟೇ. ನಮ್ಮ ಕಡಿ ಇಂಥಾದು ಮಂದಿ ಮರೀತಾರೇನು? ‘ತಾಯಿ ಮಣ್ಣಿಗೂ ಬರಲಿಲ್ಲದ ಮಗ’ ಅನ್ನೋ ಮಾತು ಕಾಕಾನ ಮುಂದ ಯಾರೂ ಅನ್ನಲಿಲ್ಲ, ಕಾಕಿ ಮುಂದ ಎಲ್ಲಾರೂ ಅಂದ್ರು. ಹೊತ್ತೊಯ್ಯಲಾಕ ದೀರರು ಇದ್ರು ಖರೇ. ಆದ್ರ ಹಿರೇಮಗ ಇದ್ದಿಲ್ಲಂತ ಆಕಿಗೂ ಒಳಗೊಳಗ ಸಿಟ್ಟಿತ್ತು. ನಲವತ್ತು ವರ್ಷ ಅದನ್ನ ಬಾಯಿ ಬಿಟ್ಟು ಕೇಳಲಿಲ್ಲ.

ಮೂರು ವರ್ಷದ ಹಿಂದ ನಾವು ಮನಿಮಂದಿ ಕೂಡಿ ಕಲಬುರಗ್ಯಾಗ ಕೋಣಾರ್ಕ್ ಎಕ್ಸ್‌ಪ್ರೆಸ್ ಹತ್ತಿ ವಿಶಾಖಪಟ್ಟಣಕ್ಕ ಹೋಗಿದ್ದೆವು. ಅಲ್ಲಿ ರಾಮಕೃಷ್ಣ ಬೀಚ್‌ದಾಗ ಉಸುಕಿನಮ್ಯಾಲ ‘ಕುರ್ಸುರಾ’ ನಿಂತದ. ಕಾಕಾ ಕೆಲಸ ಮಾಡಿದ ನಮೂನಿದೇ ಬೋಟು. 1969ರಾಗ ಸೇರಿ, 1971ರ ಯುದ್ಧದಾಗ ಅರಬ್ಬಿ ಸಮುದ್ರದಾಗ ಕಾವಲಿದ್ದು, 2001ರಾಗ ನಿವೃತ್ತಿ ಆತು. 2002ರ ಆಗಸ್ಟ್‌ದಿಂದ ಮಂದಿಗಿ ನೋಡಲಾಕ ಇಟ್ಟಾರ. 91 ಮೀಟರ್ ಉದ್ದ, ಆದ್ರ ಒಳಗ ಇಬ್ಬರು ಎದುರಾಬದುರಾ ಬಂದ್ರ ಒಬ್ಬರು ಗ್ವಾಡಿಗಿ ಆತು ನಿಲ್ಲಬೇಕು. ಒಟ್ಟು 7 ಖೋಲಿ, ದುಂಡನ ಕಿಂಡ್ಯಾಗ ಕಾಲ ಎತ್ತಿ, ತಲಿ ಬಗ್ಗಿಸಿ ದಾಟಬೇಕು. ಎರಡನೇದು, ನಾಲ್ಕನೇದರ ನೆಲದ ಕೆಳಗ ಬ್ಯಾಟರಿ, ಐದನೇದು ಇಂಜಿನ್ ಖೋಲಿ.

ಒಳಗ ತೋರಸವ್ರೂ ನೌಕಾದಳದಿಂದ ನಿವೃತ್ತಿ ಆದವ್ರೇ. ಕಾಕಾ ಒಂದು ವಾಲ್ವ್ ಹೆಸರು ಹೇಳಿದ್ದೇ ತಡ, ಆ ಮನುಷ್ಯ ಕಾಕಾನ ಕೈ ಹಿಡಕೊಂಡ್ರು. ಹಿಂದ್ಯಾಗ ಇಬ್ಬರದೂ ಶುರು ಆತು. ಹಿಂದಿನ ಮಂದಿ ಮುಂದ ನಡೀರಿ ಅಂತ ನೂಕಲಾಕ ಹತ್ತಿದ್ರು.

ಕಾಕಿ ಐದನೇ ಖೋಲ್ಯಾಗ ಎರಡು ಇಂಜಿನ್ ನಡುವ ನಿಂತಳು. ಸೆರಗು ಎರಡೂ ಕಡಿ ತಾಗತಿತ್ತು. ಮ್ಯಾಲ ನೋಡಿದ್ಲು, ಬರೇ ಕೊಳವಿ.

“ಆಯಿ ಹೋದಾಗ ಇಲ್ಲೇ ಇದ್ರೇನು?”

ಕಾಕಾನ ಕಿವಿ ಈಗ ಮಂದ. ಆದ್ರ ಇದು ಕೇಳಿಸ್ತು. “ಇಂಥಾದ್ರಾಗೇ. ಬಂದರಿಗಿ ಬಂದಮ್ಯಾಲ ಟೆಲಿಗ್ರಾಮ್ ಕೈಗಿ ಕೊಟ್ರು.”

“ಅಲ್ಲೀತನಾ ಗೊತ್ತೇ ಇದ್ದಿಲ್ಲ?”

“ಇಲ್ಲಿ ಹಗಲ್ಯಾವುದು, ರಾತ್ರಿ ಯಾವುದು ಅಂತಾನೇ ಗೊತ್ತಾಗತಿದ್ದಿಲ್ಲ.”

ಕಾಕಿ ಏನೂ ಅನ್ನಲಿಲ್ಲ. ಇಂಜಿನ್‌ಮ್ಯಾಲ ಕೈ ಆಡಿಸಿ, ಬೆರಳ ಮೂಗಿಗಿ ಹಿಡದು ನೋಡಿದ್ಲು. ಹೊರಗ ಬಂದಮ್ಯಾಲ ಸಮುದ್ರದ ಕಡಿ ಮಾರಿ ಮಾಡಿ ಭಾಳ ಹೊತ್ತು ಕುಂತಳು. ಕಾಕಾ ಮುರಮುರಿ ಪೊಟ್ಟಣ ತಂದು ಕೊಟ್ರ, ಅರ್ಧ ಅವ್ರ ಕೈಗೇ ಸುರುವಿದ್ಲು.

ಈ ಸಲ ಆಳಂದದಾಗ ಒಂದು ಮದಿವಿಗಿ ಹೋದಾಗ ಒಬ್ಬ ಹಿರೇ ಬೀಗತಿ ಊಟಕ್ಕ ಕುಂತಲ್ಲಿ ಮತ್ತ ಅದೇ ಮಾತು ತೆಗದಳು. ಕಾಕಿ ಕೈ ತೊಳಕೊಂಡು ಬಂದು ಆಕಿ ಮಗ್ಗಲಕ್ಕೇ ಕುಂತಳು.

“ಯಕ್ಕಾ, ನಿಮ್ಮ ಮನ್ಯಾಗ ಮೊದಲ ಹಗೇವಿತ್ತಿಲ್ಲೇನು?”

“ಇತ್ತಲ್ಲ.”

“ಅದರ ಬಾಯಿ ತೆಗೆದ ಕೂಡಲೇ ಯಾರಿಗರ ಇಳಸತಿದ್ರೇನು?”

“ಇಲ್ಲವ್ವ, ಒಳಗ ಕೆಟ್ಟ ಗಾಳಿ. ದೀಪ ಬಿಟ್ಟು ನೋಡಿ ಇಳಸತಿದ್ರು.”

“ಇಳದಾವನ ಮ್ಯಾಲ ಬಾಯಿ ಮುಚ್ಚಿದ್ರಿ ಅಂತ ತಿಳಿ. ಮ್ಯಾಲ ನೀ ಎದಿ ಬಡಕೊಂಡು ಅತ್ರ ಅವಂಗ ಕೇಳತದೇನು?”

ಬೀಗತಿ ಅನ್ನಕ್ಕ ಸಾರು ಕಲಸ್ಕೋತ ಕುಂತಳು. ಅಂದಿನಿಂದ ಆ ಮಾತು ನಾ ಮತ್ತ ಕೇಳಿಲ್ಲ.

ಈ ದಸರಾ ಸೂಟ್ಯಾಗ ಮತ್ತ ವಿಶಾಖಪಟ್ಟಣಕ್ಕ ಹೊಂಟೀವಿ, ಗಿರಣಿ ಹಿರೇರೂ ಬರ್ತಾರ. ಅವ್ರ ಇಂಜಿನ್ ಗುಜರಿಗಿ ಹೋಗಿ ಎಷ್ಟೋ ವರ್ಷ ಆತು. ಸ್ಕ್ರೂಡ್ರೈವರ್ ಮಾತ್ರ ಉಳದದ, ಅದನ್ನ ಈಗಿಂದಲೇ ಚೀಲದಾಗ ಇಟ್ಟಾರ. “ಅಲ್ಲಿ ಇಂಜಿನ್ ಬಂದ್ ಅದರಿ” ಅಂದ್ರ, “ಇರಲಿ ಬಿಡವ್ವ, ಒಮ್ಮಿ ಕಿವಿ ಹಚ್ಚಿ ನೋಡಮು” ಅಂತಾರ.